ಕೈಯಿಂದ ಕೈಗೆ ಕೊಡದ ಸೂಜಿ

ಹೋದ ತಿಂಗಳು ಅವನು ರಿಟೈರ್ ಆದ. ಪಲ್ಲಾವರಂ ಸ್ಟೇಷನ್ನಿನ ಹಿಂದಿರುವ ಒಂದು ಸಣ್ಣ ಹಾಲಿನಲ್ಲಿ ಅವನ ಆಫೀಸಿನವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು ಸೇವೆ, ತ್ಯಾಗ ಅಂತ ಹೊಗಳಿದರು. ಕೊನೆಗೆ ಯಾರೋ, "ಕನ್ನಡ ಪಾಟಿ ಎರಡು ಮಾತಾಡಬೇಕು" ಅಂದರು. ಪಾಟಿ ಅಂದರೆ ಅಜ್ಜಿ, ನಮ್ಮ ಬೀದಿಯಲ್ಲಿ ಕನ್ನಡ ಪಾಟಿ ಅಂದರೆ ನಾನೊಬ್ಬಳೇ. ಎದ್ದು ನಿಂತು, "ಇವನು ಅರವತ್ತು ತುಂಬಿಸ್ಕೊಂಡು ರಿಟೈರ್ ಆಗ್ತಾನೆ ಅಂತ ಇಲ್ಲಿ ಯಾರಾದ್ರೂ ಅಂದ್ಕೊಂಡಿದ್ರಾ? ಆಗಿದಾನೆ. ಇನ್ನೇನ್ ಬೇಕು? ಎಲೆ ಹಾಕಿ" ಅಂದು ಕೂತುಬಿಟ್ಟೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಅಮಲಿನ ಸೂಜಿ ಚುಚ್ಚಿಕೊಳ್ಳುವವರನ್ನು ಹುಡುಕಿಕೊಂಡು ಹೋಗಿ, ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸಿದರೆ ಎಚ್‌ಐವಿ ಬರುತ್ತದೆ ಅಂತ ತಿಳಿಸಿ ಹೇಳುವುದು ಅವನ ಕೆಲಸವಾಗಿತ್ತು. ಅವನೂ ಒಂದು ಕಾಲಕ್ಕೆ ಚುಚ್ಚಿಕೊಳ್ಳುತ್ತಿದ್ದವನೇ. ಅವನಿಗೂ ಆ ಕಾಯಿಲೆ ಬಂದದ್ದು ಹಾಗೆಯೇ. ಹೆಸರು ಬರೆಯುವುದಿಲ್ಲ. ಅವನಿಗೇನೂ ನಾಚಿಕೆಯಿಲ್ಲ, ಸಂತೆಯಲ್ಲಿ ನಿಂತು ಮೈಕಿನಲ್ಲಿ ಹೇಳಿಕೊಂಡವನು. ಆದರೆ ಅವನ ತಂಗಿಯ ಮಗಳಿಗೆ ಈಗ ಗಂಡು ನೋಡುತ್ತಿದ್ದಾರೆ. ಅಷ್ಟಕ್ಕೆ.

ನಮ್ಮ ಯಜಮಾನರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ಅರಸೀಕೆರೆಯಿಂದ ವರ್ಗವಾಗಿ ಈ ತಮಿಳು ಊರಿಗೆ ಬಂದೆವು. ಅವರು ಹೋದರು, ನಾನು ಉಳಿದೆ. ಸೀರೆಗೆ ಕುಚ್ಚು ಕಟ್ಟುವುದು, ಫಾಲ್ಸ್ ಹೊಲಿಯುವುದು ನನ್ನ ಕಸುಬು. ಮನೆಯೊಳಗೆ ಬೆಳಕು ಸಾಲದು ಅಂತ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ಎಂಟು ವರ್ಷದ ಹಿಂದೆ ಹಾಗೆ ಕೂತಿದ್ದಾಗಲೇ ಅವನನ್ನು ಮೊದಲು ನೋಡಿದ್ದು.

ಉರಿಬಿಸಿಲು. ಅಂಥದ್ದರಲ್ಲಿ ಮುಂಗೈ ಮುಚ್ಚುವ ತುಂಬುತೋಳಿನ ಅಂಗಿ, ಅದಕ್ಕೆ ಗುಂಡಿ ಬೇರೆ. ಹೆಗಲಿನ ಚೀಲದ ಪಟ್ಟಿ ಕಿತ್ತು ಹೋಗಿ ಚೀಲವನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದ. "ಪಾಟಿ, ಒರು ಊಸಿ ಕಿಡೈಕ್ಕುಮಾ?" ಅಂದ. ಸೂಜಿ ಸಿಗುತ್ತಾ ಅಂತ.

ನನ್ನಷ್ಟಕ್ಕೆ ನಾನು ಕನ್ನಡದಲ್ಲಿ ಗೊಣಗಿದೆ. "ಸೂಜಿ ಅಂತೆ. ದಾರ ಇವರಪ್ಪ ಕೊಡ್ತಾನಾ?"

"ನಮ್ಮಪ್ಪ ಕೊಡಲ್ಲಮ್ಮಾ. ದಾರಾನೂ ನೀವೇ ಕೊಡಿ" ಅಂದ, ಕನ್ನಡದಲ್ಲೇ. ಕೆ.ಜಿ.ಎಫ್.ನವನಂತೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವನು.

ನಾಲಿಗೆ ಕಚ್ಚಿಕೊಂಡು, ಒಂದು ಸೂಜಿಗೆ ದಾರ ಪೋಣಿಸಿ, ಬಟ್ಟೆ ಚೂರಿಗೆ ಚುಚ್ಚಿ ಮೆಟ್ಟಿಲ ಮೇಲಿಟ್ಟೆ. ಅವನು ಕೈ ಚಾಚಿದ್ದವನು ಹಾಗೇ ನಿಂತ. ಮುಖ ಸಣ್ಣದಾಯಿತು.

"ಕೈಗೆ ಕೊಟ್ರೆ ಅಂಟಲ್ಲಮ್ಮಾ" ಅಂದ.

"ಏನು ಅಂಟಲ್ಲ?"

"ನನ್ನ ಕಾಯಿಲೆ. ಯಾರು ಹೇಳಿದ್ರು ನಿಮಗೆ?"

"ನಿಂಗೆ ಕಾಯಿಲೆ ಇದ್ಯೋ ಕಸಾಲೆ ಇದ್ಯೋ ನಾನೇನು ಕಂಡೆ? ಸೂಜೀನ ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತೆ. ನಮ್ಮವ್ವ ನಂಗೂ ಹಿಂಗೇ ನೆಲದ ಮೇಲೆ ಇಡೋಳು. ಹೊಟ್ಟೇಲಿ ಹುಟ್ಟಿದ ಮಗಳಿಗೇ ಕೈಗೆ ಕೊಡಲ್ಲ ನಾನು, ನೀನು ಯಾವ ಊರ ದಾಸಯ್ಯ? ಎತ್ಕೊಂಡು ಹೊಲ್ಕೊ."

ಅವನು ನಗಲು ಶುರುಮಾಡಿದವನು ನಿಲ್ಲಿಸಲಾಗದೆ ಮೆಟ್ಟಿಲ ಮೇಲೆ ಕೂತೇಬಿಟ್ಟ. "ಸೂಜಿ ಕೈಯಿಂದ ಕೈಗೆ ಹೋಗಬಾರದು ಅಂತ ಹೇಳೋದಕ್ಕೇ ಅಮ್ಮಾ ನಮ್ಮ ಆಫೀಸಲ್ಲಿ ನಂಗೆ ಸಂಬಳ ಕೊಡೋದು! ನಿಮ್ಮವ್ವ ಬಿಟ್ಟಿಯಾಗೇ ಹೇಳ್ಬಿಟ್ಟಿದಾರೆ" ಅಂದ. ಚೀಲ ಹೊಲಿಯುತ್ತಾ ತನ್ನ ಕಥೆಯನ್ನೆಲ್ಲ ಅಲ್ಲೇ ಹೇಳಿದ. ಲಾರಿಯಲ್ಲಿ ಕ್ಲೀನರ್ ಆಗಿದ್ದದ್ದು, ಕೋಯಂಬೇಡು ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತದ್ದು, ಬೆನ್ನುನೋವಿಗೆ ಅಂತ ಯಾರೋ ಚುಚ್ಚಿದ್ದು, ಆಮೇಲೆ ತಾನೇ ಚುಚ್ಚಿಕೊಂಡದ್ದು, ನಾಲ್ಕು ಜನಕ್ಕೆ ಒಂದೇ ಸೂಜಿ. ನಾನು ಕೇಳಿರಲಿಲ್ಲ. ಹೊಲಿಗೆ ಮಾತ್ರ ದರಿದ್ರವಾಗಿತ್ತು, ಹಾಗಂತ ಹೇಳಿದೆ.

ಕನ್ನಡದವಳು ಅಂತ ಗೊತ್ತಾದ ಮೇಲೆ ಒಂದು ವಾರ ನನ್ನನ್ನು ಅಮ್ಮಾ ಅನ್ನುತ್ತಿದ್ದ. ಆಮೇಲೆ ಬೀದಿಯವರ ಜೊತೆ ಸೇರಿ ಅವನೂ ಮತ್ತೆ ಪಾಟಿ ಅನ್ನತೊಡಗಿದ. ನನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವನು, ತಲೆಯೆಲ್ಲ ನರೆತಿದೆ, ಪಾಟಿಯಂತೆ. ಎಷ್ಟು ಬೈದರೂ ಬಿಡಲಿಲ್ಲ.

"ಹೆಂಗಿದ್ದೀಯೋ?" ಅಂದರೆ ಅವನದು ಒಂದೇ ಜವಾಬು. "ಇವತ್ತಿಗೆ ಇದ್ದೀನಿ ಪಾಟಿ." ನಾಳೆ ಅನ್ನುವ ಮಾತು ಅವನ ಬಾಯಲ್ಲಿ ಇರಲೇ ಇಲ್ಲ. "ನಾಳೆ ಬಾ, ಒಬ್ಬಟ್ಟು ಮಾಡ್ತೀನಿ" ಅಂದರೆ "ಬಂದ್ರೆ ಬರ್ತೀನಿ" ಅನ್ನುತ್ತಿದ್ದ. ಬರುತ್ತಿದ್ದ, ಎರಡು ಹೆಚ್ಚಿಗೆ ತಿನ್ನುತ್ತಿದ್ದ, ಆದರೆ ಬರುತ್ತೇನೆ ಅಂತ ಮಾತ್ರ ಹೇಳುತ್ತಿರಲಿಲ್ಲ. ಇದೇನು ಚಾಳಿ ನಿನ್ನದು ಅಂತ ಒಮ್ಮೆ ಕೇಳಿದೆ. "ಚುಚ್ಕೊಳೋ ಕಾಲದಲ್ಲಿ ನಾಳೆ ಬಿಡ್ತೀನಿ, ನಾಳೆ ಬಿಡ್ತೀನಿ ಅಂತ ಅಮ್ಮನಿಗೆ, ತಂಗಿಗೆ, ಸಿಕ್ಕಿದವರಿಗೆಲ್ಲ ಹೇಳಿ ಹೇಳಿ ಆ ಮಾತು ಹಳಸಿಹೋಯ್ತು ಪಾಟಿ" ಅಂದ.

ದಿನಾ ಒಂದು ಹೊತ್ತಿಗೆ ಅವನ ಫೋನು ಕೋಳಿಯ ಹಾಗೆ ಕೂಗುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದರೂ ನಿಲ್ಲಿಸಿ, ಜೇಬಿನಿಂದ ಮಾತ್ರೆ ಡಬ್ಬಿ ತೆಗೆದು ಒಂದು ನುಂಗುತ್ತಿದ್ದ. ಮರೆಮಾಚುತ್ತಿರಲಿಲ್ಲ. ಡಬ್ಬಿ ಗಲಗಲ ಅಲ್ಲಾಡಿಸಿಯೇ ತೆಗೆಯುತ್ತಿದ್ದ, ಜನ ತಿರುಗಿ ನೋಡಲಿ ಅಂತ. ಸಿಟ್ಟು ಜಾಸ್ತಿ. ಬಿಟ್ಟವನು ಮತ್ತೆ ಚುಚ್ಚಿಕೊಂಡ ಅಂತ ಗೊತ್ತಾದರೆ ಬೀದಿಯಲ್ಲೇ ನಿಂತು ಕೇಳಲಾಗದ ಮಾತು ಬೈಯುತ್ತಿದ್ದ. ಮಾರನೆಯ ದಿನ ಅವನನ್ನೇ ಹುಡುಕಿಕೊಂಡು ಹೋಗುತ್ತಿದ್ದ. ನಮ್ಮಿಂದ ಇಸಕೊಂಡ ಕೊಡೆ ಒಂದನ್ನೂ ವಾಪಸ್ ಕೊಡಲಿಲ್ಲ.

ಆ ಚೀಲದಲ್ಲಿ ಏನಿದೆ ಅಂತ ಗೊತ್ತಾದಾಗ ಅವನನ್ನು ಮೆಟ್ಟಿಲಿನಿಂದ ಎಬ್ಬಿಸಿ ಓಡಿಸಲು ನೋಡಿದ್ದೆ. ಒಂದು ಕಡೆ ಹೊಸ ಸೂಜಿಗಳು. ಇನ್ನೊಂದು ಕಡೆ ದಪ್ಪ ಪ್ಲಾಸ್ಟಿಕ್ಕಿನ ಡಬ್ಬ, ಒಂದು ಇಕ್ಕಳ. ರೈಲ್ವೆ ಗೋಡೆಯ ಹಿಂದೆ ಬಿದ್ದಿರುವ ಹಳೆ ಸೂಜಿಗಳನ್ನು ಇಕ್ಕಳದಲ್ಲಿ ಎತ್ತಿ ಡಬ್ಬಕ್ಕೆ ಹಾಕುವುದು, ಚುಚ್ಚಿಕೊಳ್ಳುವವರಿಗೆ ಹೊಸದನ್ನು ಕೊಡುವುದು.

"ಕುಡುಕನಿಗೆ ನೀನೇ ಲೋಟ ತೊಳೆದುಕೊಟ್ಟ ಹಂಗಾಯ್ತಲ್ಲೋ! ಬಿಡಿಸೋದು ಬಿಟ್ಟು ಸೂಜಿ ಹಂಚ್ತೀಯಾ?" ಅಂದೆ.

"ಬಿಡಿಸ್ತೀವಿ ಪಾಟಿ. ಅದಕ್ಕೂ ಔಷಧಿ ಇದೆ, ಡಾಕ್ಟರಿದಾರೆ. ಆದರೆ ಒಂದೇ ದಿನಕ್ಕೆ ಯಾರೂ ಬಿಡಲ್ಲ. ಅವನು ಬಿಡೋ ದಿನ ಬರೋವರೆಗೂ ಅವನು ನೆಟ್ಟಗಿರಬೇಕಲ್ಲ? ನಾನು ಬಿಟ್ಟಾಗ ನಂಗೆ ಈ ಕಾಯಿಲೆ ಬಂದು ನಾಲ್ಕು ವರ್ಷ ಆಗಿತ್ತು. ನಾನು ಅದನ್ನ ಬಿಟ್ಟೆ, ಇದು ನನ್ನ ಬಿಡಲಿಲ್ಲ. ಅದು ಬರೋಕೆ ಮುಂಚೆ ನನಗೆ ಯಾರಾದ್ರೂ ಹೊಸ ಸೂಜಿ ಕೊಟ್ಟಿದ್ರೆ?"

ಕೂತುಕೋ ಅಂದೆ.

ಪಲ್ಲಾವರಂನಲ್ಲಿ ಶುಕ್ರವಾರ ಸಂತೆ. ಹಳೆ ಮಿಕ್ಸಿಯಿಂದ ಹಿಡಿದು ಗಿಳಿಮರಿಯವರೆಗೆ ಸಿಗದ ಸಾಮಾನಿಲ್ಲ. ಕುಚ್ಚಿಗೆ ಮಣಿ, ರೇಷ್ಮೆ ದಾರ ನೋಡಲು ನಾನು ಹೋಗುತ್ತೇನೆ. ಅವನು ಅಲ್ಲಿ ಒಂದು ಸ್ಟೂಲು ಹತ್ತಿ ಮೈಕಿನಲ್ಲಿ ಕೂಗುತ್ತಿದ್ದ, ಚೀಟಿ ಹಂಚುತ್ತಿದ್ದ. ಆಫೀಸಿನವರು ಅಚ್ಚು ಹಾಕಿಸಿದ ಚೀಟಿ. ಸೋಂಕು, ಅಪಾಯ, ವರ್ತನೆ, ಜಾಗೃತಿ, ಎಲ್ಲ ಪುಸ್ತಕದ ತಮಿಳು. ಜನ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋಗಿ ಬಿಸಾಡುತ್ತಿದ್ದರು. ಕಡಲೆಕಾಯಿ ಮಾರುವವಳು ಅವನ್ನೆಲ್ಲ ಆಯ್ದು ಪೊಟ್ಟಣ ಕಟ್ಟುತ್ತಿದ್ದಳು. ಗಂಟಲು ಒಣಗಿ ಕೆಳಗಿಳಿದವನು ಅವಳ ಹತ್ತಿರ ಕಡಲೆಕಾಯಿ ಕೊಂಡ. ಪೊಟ್ಟಣ ನೋಡಿದರೆ ಅವನದೇ ಚೀಟಿ.

"ನೀನು ಕೂಗಿದ್ದು ನಂಗೇ ತಿಳೀಲಿಲ್ಲ ಕಣೋ" ಅಂದೆ. "ಅವರಿಗೇನು ತಿಳೀತದೆ? ನನಗೆ ಹೇಳು, ಮೂರನೇ ಕ್ಲಾಸಿನವಳಿಗೆ ಹೇಳೋ ಹಂಗೆ ಹೇಳು."

ಹೇಳಿದ. ಚುಚ್ಚಿಕೊಂಡಾಗ ಒಂದಿಷ್ಟು ರಕ್ತ ಸೂಜಿಯೊಳಗೆ ಉಳಿಯುತ್ತದೆ, ಕಣ್ಣಿಗೆ ಕಾಣಲೇಬೇಕು ಅಂತಿಲ್ಲ. ಅದನ್ನೇ ಇನ್ನೊಬ್ಬ ಚುಚ್ಚಿಕೊಂಡರೆ ಆ ರಕ್ತ ಇವನ ರಕ್ತಕ್ಕೆ ಹೋಗುತ್ತದೆ, ಅದರ ಜೊತೆಗೆ ಕಾಯಿಲೆಯೂ.

"ಇಷ್ಟೇನಾ? ಎಂಜಲು ಅನ್ನು" ಅಂದೆ.

ಎಂಜಲು ಅಂದರೆ ನನಗೆ ಮೊದಲಿಂದಲೂ ಮೈಯೆಲ್ಲ ಮುಳ್ಳು. ಮದುವೆಯಾದ ಹೊಸತರಲ್ಲಿ ಗಂಡ ಉಂಡ ಎಲೆಯಲ್ಲಿ ಉಣ್ಣು ಅಂತ ಅತ್ತೆ ಅಂದಾಗ ಉಪವಾಸ ಮಲಗಿದವಳು ನಾನು. ಮೊಮ್ಮಗಳು ಕಚ್ಚಿ ಕೊಟ್ಟ ಮಾವಿನಹಣ್ಣನ್ನೂ ತಿನ್ನುವುದಿಲ್ಲ. ತಮಿಳಿನವರು ಎಚ್ಚಿಲ್ ಅನ್ನುತ್ತಾರೆ, ಅಸಹ್ಯ ಅವರಿಗೂ ಅಷ್ಟೇ ಇದೆ. "ಗಟಾರದ ಪಕ್ಕ ಬಿದ್ದಿರೋನೂ ಇನ್ನೊಬ್ಬ ಕಚ್ಚಿ ಬಿಟ್ಟ ಇಡ್ಲಿ ಮುಟ್ಟಲ್ಲ. ಇನ್ನೊಬ್ಬನ ರಕ್ತ ಇರೋ ಸೂಜಿ ಚುಚ್ಕೊತಾನಾ? ಎಂಜಲು ಸೂಜಿ ಅನ್ನು, ಮೈ ಜುಂ ಅನ್ನುತ್ತೆ" ಅಂದೆ.

ಅವನು ಕಡಲೆಕಾಯಿ ತಿನ್ನುವುದನ್ನು ಮರೆತು ನಿಂತ. ಮುಂದಿನ ಶುಕ್ರವಾರ ಮೈಕಿನಲ್ಲಿ ಹೊಸ ಕೂಗು ಕೇಳಿಸಿತು. "ಎಚ್ಚಿಲ್ ಊಸಿ ವೇಂಡಾಂ!" ಎಂಜಲು ಸೂಜಿ ಬೇಡ.

ಆ ಮಾತು ಹಿಡಿಯಿತು. ಆಟೋದವರು ತಮಾಷೆಗೆ ಕೂಗಿದರು, ಮಕ್ಕಳು ಹಾಡಿಕೊಂಡು ಹೋದರು. ಅವನನ್ನು ಕಂಡರೆ ಗೋಡೆ ಹಾರಿ ಓಡುತ್ತಿದ್ದವರು ತಾವೇ ಬಂದು, "ಅಣ್ಣಾ, ಎಚ್ಚಿಲ್ ಆಗದ್ದು ಒಂದು ಕೊಡಿ" ಅಂತ ಕೇಳತೊಡಗಿದರು. ನಾನೂ ಸ್ವಲ್ಪ ಬೀಗಿದೆ ಅಂತಲೇ ಇಟ್ಟುಕೊಳ್ಳಿ.

ನಮ್ಮ ಬೀದಿಯ ಮೂಲೆಯಲ್ಲಿ ವಸಂತಾಳ ಟೀ ಅಂಗಡಿ. ಅದರ ಮುಂದಿನ ಬೆಂಚೇ ಅವನ ಆಫೀಸು. ಮೂಟೆ ಹೊರುವವರು, ಪೇಂಟ್ ಹೊಡೆಯುವವರು ಎಲ್ಲ ಅಲ್ಲಿಗೇ ಬರುವುದು. ಇವನು ಒಂದು ಟೀ ಹಿಡಿದು ಕೂತರೆ ಯಾರು ಬೇಕಾದರೂ ಪಕ್ಕದಲ್ಲಿ ಕೂತು ಮಾತಾಡಬಹುದು, ನೋಡಿದವರು ಟೀ ಕುಡಿಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ವಸಂತಾಳ ಗಂಡ ಸೇಕರ್ ಗೋಡೆಯ ಮೇಲೆ ಬೋರ್ಡು ಬರೆಯುವ ಪೇಂಟರ್. ಕೈಬರಹ ಮುತ್ತಿನಂತೆ. ಆ ಕೈಗೇ ಚುಚ್ಚಿಕೊಳ್ಳುತ್ತಿದ್ದ. ಬೀದಿಗೆಲ್ಲ ಗೊತ್ತು. ಇವನು ಆರು ತಿಂಗಳು ಆ ಬೆಂಚಿನ ಮೇಲೆ ಕೂತು ಕೂತು ಕೊನೆಗೆ ಅವನ ಬಾಯಲ್ಲಿ ಒಂದು ಮಾತು ಹೊರಡಿಸಿದ್ದ. "ಸೋಮವಾರ ರಕ್ತ ಪರೀಕ್ಷೆಗೆ ಬರ್ತೀನಿ ಅಣ್ಣಾ."

ಅದರ ಹಿಂದಿನ ಶನಿವಾರ ನಾನು ಹಾಲಿಗೆ ಅಂತ ಹೋದೆ. ಬೆಂಚಿನ ಮೇಲೆ ಐದಾರು ಜನ, ಎಲ್ಲರ ಕೈಯಲ್ಲೂ ಗಾಜಿನ ಲೋಟ. ಇವನ ಕೈಯಲ್ಲಿ ಮಾತ್ರ ಪೇಪರ್ ಕಪ್ಪು.

"ಇದೇನೇ ವಸಂತಾ, ಇವನಿಗೆ ಮಾತ್ರ ಮದುವೆಮನೆ ಉಪಚಾರ?" ಅಂದೆ.

ವಸಂತಾ ಟೀ ಎತ್ತಿ ಹುಯ್ಯುತ್ತಾ, ತನ್ನ ತಮಿಳಿನಲ್ಲಿ, "ನೀವೇ ತಾನೇ ಪಾಟಿ ಹೇಳಿದ್ದು, ಎಚ್ಚಿಲಿಂದ ಬರುತ್ತೆ ಅಂತ? ಆ ಲೋಟದಲ್ಲಿ ಇನ್ನೊಬ್ಬರು ಕುಡೀಬೇಕಲ್ಲ" ಅಂದಳು. ತಲೆ ಎತ್ತಲಿಲ್ಲ. "ನಮ್ಮ ಮನೆಯವರಿಗೂ ತಟ್ಟೆ ಲೋಟ ಬೇರೆ ಮಾಡಿದೆ. ಮಗು ಇದೆ. ನಿನ್ನೆ ಊಟಕ್ಕೆ ಕೂತವರು ತಟ್ಟೆ ನೋಡಿದ್ರು, ಎದ್ದು ಬ್ರಷ್ ಡಬ್ಬ ತಗೊಂಡು ಹೋದವರು ಬಂದಿಲ್ಲ."

ಹೀಗಾಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಎಂಜಲು ಅಂದರೆ ಜನಕ್ಕೆ ಬಾಯಿ, ಜೊಲ್ಲು, ಲೋಟ, ತಟ್ಟೆ. ನನ್ನ ಮಾತಿನಲ್ಲಿ ಸೂಜಿ ಉದುರಿಹೋಗಿತ್ತು, ಎಂಜಲು ಮಾತ್ರ ಉಳಿದಿತ್ತು. ಸೋಮವಾರ ಪರೀಕ್ಷೆಗೆ ಹೋಗಬೇಕಾದವನು ಮನೆ ಬಿಟ್ಟು ಹೋಗಿದ್ದ. ಮನೆಯಿಲ್ಲದವನು ಯಾರ ಸೂಜಿ ಚುಚ್ಚಿಕೊಳ್ಳುತ್ತಾನೆ ಅಂತ ಯಾರು ನೋಡುತ್ತಾರೆ?

ನನಗೆ ಬಂದದ್ದು ಸಿಟ್ಟು. ನನ್ನ ಮೇಲಿನದನ್ನು ಇವನ ಮೇಲೆ ಹಾಕಿದೆ. "ನೀನ್ಯಾಕೋ ಸುಮ್ನೆ ಕುಡೀತಾ ಕೂತಿದೀಯ? ಬಾಯಿಲ್ವಾ?"

"ಪೇಪರ್ ಕಪ್ಪಾದ್ರೂ ಕೊಟ್ಟಳಲ್ಲ ಪಾಟಿ. ನಾನು ಜಗಳ ಆಡಿ ಈ ಬೆಂಚಿಂದ ಎಬ್ಬಿಸಿದ್ರೆ ನನ್ನ ಹುಡುಗರು ನನ್ನ ಎಲ್ಲಿ ಹುಡುಕ್ತಾರೆ?" ಅಂದ. ಆಮೇಲೆ ದನಿ ತಗ್ಗಿಸಿ ಕನ್ನಡದಲ್ಲಿ, "ಒಂದು ಕೆಲಸ ಮಾಡಿ. ನಾನು ಕುಡಿದ ಟೀನ ಎಲ್ಲರ ಎದುರಿಗೆ ಒಂದು ಗುಟುಕು ಕುಡಿದುಬಿಡಿ. ನೀವು ಕುಡಿದ್ರೆ ಎಲ್ಲರೂ ನಂಬ್ತಾರೆ" ಅಂದ.

"ಕುಡಿಯಲ್ಲ."

"ನಂದು ಅಂತಾನಾ?"

"ತಾಳಿ ಕಟ್ಟಿದವನ ಎಂಜಲೇ ಕುಡೀಲಿಲ್ಲ, ನಿಂದು ಯಾವ ಮಹಾ? ಯಾರದೂ ಕುಡಿಯಲ್ಲ ನಾನು!"

ಕನ್ನಡ ಗೊತ್ತಿಲ್ಲದವರಿಗೂ ಅದು ಅರ್ಥವಾಯಿತು ಅಂತ ಕಾಣುತ್ತದೆ, ಬೆಂಚೆಲ್ಲ ನಕ್ಕಿತು. ಅವನೂ ನಕ್ಕ. ಆ ನಗುವಿನ ಮಧ್ಯೆ ನನಗೆ ದಾರಿ ಕಂಡಿತು.

"ವಸಂತಾ, ಇವನಿಗೆ ಗಾಜಿನ ಲೋಟದಲ್ಲಿ ಟೀ ಕೊಡು" ಅಂದೆ. ಹಿಂದೆಮುಂದೆ ನೋಡಿದಳು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಕೊಟ್ಟಳು. ಅವನು ತಳ ಕಾಣುವವರೆಗೆ ಕುಡಿದ. ಲೋಟ ಕಿತ್ತುಕೊಂಡೆ. ಟೀ ಅಂಗಡಿಯವರು ಒಂದು ಬಕೆಟ್ಟಿನ ನೀರಿಗೆ ಅದ್ದಿ ತೆಗೆಯುವುದನ್ನು ತೊಳೆಯುವುದು ಅಂತಾರೆ. ಅದು ನನಗೆ ಸೇರದು. ಸೋಪಿನ ಪುಡಿ, ತೆಂಗಿನ ನಾರು ಕೇಳಿ ಇಸಕೊಂಡು, ನಲ್ಲಿ ತಿರುಗಿಸಿ, ಒಳಗೆ ಬೆರಳು ಹಾಕಿ ತಿಕ್ಕಿ, ಮೂರು ನೀರಿನಲ್ಲಿ ತೊಳೆದೆ. ಬೆಳಕಿಗೆ ಹಿಡಿದು ನೋಡಿದೆ. ವಸಂತಾಳ ಮುಂದೆ ಕುಕ್ಕಿದೆ.

"ಇದರಲ್ಲೇ ನಂಗೆ ಟೀ ಹಾಕು."

ಬೀದಿಯಲ್ಲಿ ನನ್ನ ಎಂಜಲಿನ ಹುಚ್ಚು ತಿಳಿಯದವರಿಲ್ಲ. ಎಲ್ಲ ನೋಡುತ್ತಿದ್ದರು. ನಿಧಾನವಾಗಿ ಕುಡಿದು ಮುಗಿಸಿ, ನನಗೆ ಬರುವ ತಮಿಳಿನಲ್ಲಿ ಹೇಳಿದೆ. "ತೊಳೆದ ಲೋಟಕ್ಕೆ ಎಂಜಲಿಲ್ಲ. ತೊಳೆದ ತಟ್ಟೆಗೂ ಇಲ್ಲ. ಲೋಟದೊಳಗೆ ನನ್ನ ಕೈ ಹೋಗುತ್ತೆ, ತೊಳೀತೀನಿ. ಸೂಜಿಯ ತೂತೊಳಗೆ ಯಾರ ಕೈ ಹೋಗುತ್ತೆ? ಅಲ್ಲಿರೋದು ರಕ್ತದ ಎಂಜಲು, ಅದು ತೊಳೆದ್ರೂ ಹೋಗಲ್ಲ. ನಾನು ಹೇಳಿದ್ದು ಅದನ್ನ. ಪೇಪರ್ ಕಪ್ಪು ಕೊಡು ಅಂತ ಯಾರಿಗೇ ಹೇಳಿದ್ದೆ ನಾನು?"

ಅವನು ಎದ್ದು ನಿಂತು ಸೇರಿಸಿದ. "ಪಾಟಿ ತೊಳೆದದ್ದು ಅವರ ಮಡಿಗೆ. ತೊಳೆಯದಿದ್ರೂ ಲೋಟದಿಂದ ಈ ಕಾಯಿಲೆ ಬರಲ್ಲ. ಜೊಲ್ಲಿಂದ ಬರಲ್ಲ, ಜೊತೇಲಿ ಉಂಡ್ರೆ ಬರಲ್ಲ, ಮುಟ್ಟಿದ್ರೆ ಬರಲ್ಲ."

"ಅದು ನಿಮ್ಮ ಡಾಕ್ಟರ ಲೆಕ್ಕ. ತೊಳೆಯದೆ ನಾನು ಕುಡಿಯಲ್ಲ" ಅಂದೆ.

ಬೆಂಚಿನ ತುದಿಯಲ್ಲಿ ತಲೆಗೆ ಟವೆಲು ಸುತ್ತಿಕೊಂಡಿದ್ದ ಮೂಟೆ ಹೊರುವವನೊಬ್ಬ ಕೂತಿದ್ದ. ಒಂದು ದಿನವೂ ಬಾಯಿ ಬಿಟ್ಟವನಲ್ಲ. ಅವನು ಲೋಟ ನೋಡುತ್ತಲೇ ಕೇಳಿದ. "ಅಣ್ಣಾ, ನಾವು ನೀರನ್ನ ಎರಡು ಸಲ ಸೂಜಿಯೊಳಗೆ ಎಳೆದು ಬಿಟ್ಟು ಆಮೇಲೆ ಇನ್ನೊಬ್ಬನಿಗೆ ಕೊಡ್ತೀವಲ್ಲ. ಅಷ್ಟು ಸಾಲದಾ?"

"ಸಾಲದು ಕಣಪ್ಪಾ" ಅಂದ ಇವನು, ತುಂಬಾ ಮೆತ್ತಗೆ. ಹೋಗಿ ಅವನ ಪಕ್ಕದಲ್ಲಿ ಕೂತ. ಮೈಕಿನಲ್ಲಿ ಅಷ್ಟು ದಿನ ಕೂಗಿದರೂ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ ಅಂತ ಆಮೇಲೆ ನನಗೆ ಹೇಳಿದ. ಎಲ್ಲರೂ ತೊಳೆದಿದ್ದೇವೆ ಅಂತಲೇ ನಂಬಿಕೊಂಡಿದ್ದರು.

ಸೇಕರ್ ಎಲ್ಲಿದ್ದಾನೆ ಅಂತ ಹೇಳಿದವನೂ ಆ ಮೂಟೆಯವನೇ. ಭಾನುವಾರ ಮಧ್ಯಾಹ್ನ ಇವನು, ವಸಂತಾ, ನಾನು ಮೂವರೂ ಬಸ್ಸು ಹತ್ತಿ ಕೋಯಂಬೇಡಿಗೆ ಹೋದೆವು. ನೀವು ಯಾಕೆ ಅಂದ. ತಪ್ಪಿನಲ್ಲಿ ನನ್ನ ಪಾಲೂ ಇದೆ ಅಂದೆ. ಮಾರ್ಕೆಟ್ಟಿನ ಗದ್ದಲ ಇಳಿದಿತ್ತು. ಕೊಳೆತ ಕೋಸಿನ ನಾತ.

ಈರುಳ್ಳಿ ಮೂಟೆಗಳ ನೆರಳಿನಲ್ಲಿ ಬ್ರಷ್ ಡಬ್ಬ ತಲೆದಿಂಬು ಮಾಡಿಕೊಂಡು ಸೇಕರ್ ಮಲಗಿದ್ದ. ಗಡ್ಡ ಕೆದರಿತ್ತು. ನಮ್ಮನ್ನು ಕಂಡು ಎದ್ದು ಕೂತ, ಓಡಲಿಲ್ಲ.

ವಸಂತಾ ಚೀಲದಿಂದ ಸ್ಟೀಲು ತಟ್ಟೆ ತೆಗೆದು, ಡಬ್ಬಿಯಲ್ಲಿದ್ದ ಸಾಂಬಾರನ್ನ ಹಾಕಿದಳು.

"ಇದು ನಿನ್ನ ತಟ್ಟೆ" ಅಂದ ಸೇಕರ್.

"ಇನ್ನೊಂದನ್ನ ಹಳೇಪಾತ್ರೆಯವನಿಗೆ ಹಾಕ್ದೆ" ಅಂದಳು.

ನಾನು ಆ ಕಡೆ ಟೊಮೆಟೊ ನೋಡಲು ಹೋದೆ. ತಿರುಗಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು, ಇವನು ಸೇಕರನ ಬ್ರಷ್ ಡಬ್ಬ ಹೊತ್ತುಕೊಂಡು ಬಸ್ಸಿನ ಕಡೆ ಹೊರಟಿದ್ದ.

ಸೋಮವಾರ ಪರೀಕ್ಷೆ ಆಯಿತು. ಕಾಯಿಲೆ ಬಂದೇ ಇತ್ತು. ವಸಂತಾಗೂ ಮಗುವಿಗೂ ಇರಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರು, ಆಗಲೂ ಇರಲಿಲ್ಲ. ಆಸ್ಪತ್ರೆಯಿಂದ ಬಂದ ಸೇಕರ್ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾಗ ಇವನ ಫೋನು ಕೋಳಿಯ ಹಾಗೆ ಕೂಗಿತು. ಇವನು ಮಾತ್ರೆ ಡಬ್ಬಿ ತೆಗೆದು ಅವನ ಕಿವಿಯ ಹತ್ತಿರ ಅಲ್ಲಾಡಿಸಿದ. "ಹತ್ತು ವರ್ಷದಿಂದ ನುಂಗ್ತಿದೀನಿ. ನನ್ನ ನೋಡು. ಸರ್ಕಾರ ಬಿಟ್ಟಿ ಕೊಡುತ್ತೆ, ನೀನು ಬಿಡದೆ ನುಂಗಬೇಕು, ಅಷ್ಟೇ ಕೆಲಸ. ಪಾಟಿ ಹತ್ರ ಬೈಸ್ಕೊಂಡು ಬದುಕಿದವನಿಗೆ ಇದೇನು ದೊಡ್ಡದು?" ಅಂದ. ಸೇಕರ್ ನಗಲಿಲ್ಲ, ಆದರೆ ತಲೆ ಎತ್ತಿದ.

ಚುಚ್ಚಿಕೊಳ್ಳುವುದನ್ನು ಬಿಡಲು ಅವನಿಗೆ ಇನ್ನೂ ಒಂದೂವರೆ ವರ್ಷ ಹಿಡಿಯಿತು. ದಿನಾ ಹೋಗಿ ಡಾಕ್ಟರ ಎದುರಿಗೆ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳಬೇಕು. ಎರಡು ಸಲ ಜಾರಿದ, ಎರಡು ಸಲವೂ ಬೀದಿಯಲ್ಲಿ ಬೈಸಿಕೊಂಡ. ಮೂರನೆಯ ಸಲ ನಿಂತ. ಎಲ್ಲರೂ ನಿಲ್ಲಲಿಲ್ಲ. ಆ ಟವೆಲಿನ ಮೂಟೆಯವನು ಹೋದ ವರ್ಷ ಹೋದ. ಅವನ ಮಣ್ಣಿಗೆ ಹೋಗಿ ಬಂದ ದಿನ ಇವನು ನನ್ನ ಮೆಟ್ಟಿಲ ಮೇಲೆ ಕೂತು ಟೀಯನ್ನೂ ಮುಟ್ಟಲಿಲ್ಲ. ನಾನು ಪಕ್ಕದಲ್ಲೇ ಕುಚ್ಚು ಕಟ್ಟುತ್ತಾ ಕೂತಿದ್ದೆ.

ಟೀ ಅಂಗಡಿಯ ಎದುರು ಗೋಡೆಯ ಮೇಲೆ ಸೇಕರ್ ಒಂದು ದೊಡ್ಡ ಗಾಜಿನ ಲೋಟ, ಒಂದು ಸೂಜಿ ಬರೆದಿದ್ದಾನೆ. ಲೋಟದ ಕೆಳಗೆ "ತೊಳೆದರೆ ಹೋಗುತ್ತೆ", ಸೂಜಿಯ ಕೆಳಗೆ "ತೊಳೆದರೂ ಹೋಗಲ್ಲ" ಅಂತ ತಮಿಳಿನಲ್ಲಿ. ಪಾಟಿಗೋಸ್ಕರ ಕನ್ನಡದಲ್ಲೂ ಒಂದು ಸಾಲು ಇರಲಿ ಅಂತ ನನ್ನ ಹತ್ತಿರ ಬರೆಸಿಕೊಂಡು ಹೋದ. 'ಯಂಜಲು ಸೂಜಿ ಬ್ಯಾಡ' ಅಂತ ಬರೆದುಕೊಟ್ಟೆ. ನಮ್ಮ ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ತಪ್ಪು ಹೇಳುವವರು ಯಾರು? ಆಮೇಲೆ ವೇಲಚೇರಿಯಿಂದ ಹೆಂಡತಿಯ ಸೀರೆಗೆ ಕುಚ್ಚು ಕಟ್ಟಿಸಲು ಬಂದಿದ್ದ ಕನ್ನಡದವರೊಬ್ಬರು, "ಅಜ್ಜಿ, ಗೋಡೆ ಮೇಲೆ ಎರಡು ಕಾಗುಣಿತ ತಪ್ಪಿದೆ" ಅಂದರು. ಅರ್ಥ ಆಯ್ತಾ ಅಂತ ಕೇಳಿದೆ. ಆಯ್ತು ಅಂದರು. ಹಂಗಾದ್ರೆ ಸರಿಯಾಗೇ ಇದೆ ಅಂದೆ.

ಬೀಳ್ಕೊಡುಗೆಯ ಊಟ ಮುಗಿದ ಮೇಲೆ ಅವನು ಮೆಟ್ಟಿಲ ಹತ್ತಿರ ಬಂದ. ಶಾಲು ಇನ್ನೂ ಹೆಗಲ ಮೇಲಿತ್ತು. ಕೆ.ಜಿ.ಎಫ್.ನಲ್ಲಿ ತಂಗಿಯ ಮನೆಗೆ ಹೊರಟಿದ್ದ. ಅದೇ ಹಳೆ ಚೀಲ. ಒಳಗೆ ಈಗ ಸೂಜಿಯಿಲ್ಲ, ಇಕ್ಕಳವಿಲ್ಲ, ಅವನ್ನೆಲ್ಲ ಆಫೀಸಿಗೆ ಒಪ್ಪಿಸಿದ್ದ. ಅವನ ಜಾಗಕ್ಕೆ ಯಾರು ಗೊತ್ತೇ? ಪೇಂಟರ್ ಸೇಕರ್. ಚೀಲದ ಪಟ್ಟಿ ಮತ್ತೆ ಕಿತ್ತಿತ್ತು.

"ಪಾಟಿ, ಒಂದು ಸೂಜಿ."

ನನ್ನ ಕಣ್ಣಿಗೆ ಈಗ ದಾರ ಪೋಣಿಸಲು ಆಗುವುದಿಲ್ಲ. ಸೂಜಿಯನ್ನು ಬಟ್ಟೆ ಚೂರಿಗೆ ಚುಚ್ಚಿ, ದಾರದ ಉಂಡೆ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಇಟ್ಟೆ.

"ಊರು ಬಿಟ್ಟು ಹೋಗ್ತಿದೀನಿ. ಈಗಲೂ ಕೈಗೆ ಕೊಡಲ್ವಾ?"

"ಹೋಗೋ ಹೊತ್ತಲ್ಲಿ ಜಗಳ ಯಾಕೆ?"

ಎತ್ತಿಕೊಂಡು ಹೊಲಿದ. ಎಂಟು ವರ್ಷವಾದರೂ ಹೊಲಿಗೆ ಅಷ್ಟೇ ದರಿದ್ರ. ಮುಗಿಸಿ ಸೂಜಿಯನ್ನು ಮೆಟ್ಟಿಲ ಮೇಲಿಡಲು ಬಗ್ಗಿದ.

"ಇಟ್ಕೊ. ಆ ಹೊಲಿಗೆ ದಾರೀಲಿ ಅರಕ್ಕೋಣ ಸ್ಟೇಷನ್ನೂ ದಾಟಲ್ಲ. ಕೊಡೆಗಳ ಹಂಗೆ ನುಂಗಬೇಡ, ವಾಪಸ್ ತಂದ್ಕೊಡು" ಅಂದೆ.

ಬಟ್ಟೆ ಚೂರನ್ನು ಮಡಿಸಿ, ಮಾತ್ರೆ ಡಬ್ಬಿಯ ಜೊತೆ ಜೇಬಿಗೆ ಹಾಕಿಕೊಂಡ. ಚೀಲ ಹೆಗಲಿಗೇರಿಸಿದ.

"ಬರೋ ವರ್ಷ ಯುಗಾದಿಗೆ ಬಂದು ಕೊಡ್ತೀನಿ ಪಾಟಿ" ಅಂದ.

ನಾಳೆ ಅಂದವನಲ್ಲ ಅವನು, ಬರೋ ವರ್ಷ ಅಂದ. ನಾನು ಕುಚ್ಚಿನ ದಾರ ಬಿಡಿಸುತ್ತಾ, "ಬಂದಾಗ ಮೆಟ್ಟಿಲ ಮೇಲೆ ಇಡು. ಕೈಗೆ ಕೊಡಬೇಡ" ಅಂದೆ.